ಮಥುರಾಬಾಯಿಯವರ ಹುಣಸೆಬೀಜದ ತರಬೇತಿ

ಬ್ರಹ್ಮಪುರದ ಮಥುರಾಬಾಯಿಯವರನ್ನು ಸರ್ಕಾರ ೨೦೦೨ರಲ್ಲಿ ‘ಸಂಪನ್ಮೂಲ ವ್ಯಕ್ತಿ’ ಎಂದು ನೇಮಿಸಿತು. ಆದೇಶ ಓದಿದ ಅವರ ಯಜಮಾನರು, “ಇಪ್ಪತ್ತಾರು ವರ್ಷ ಆತು ಲಗ್ನಾಗಿ, ಆ ಸಂಪನ್ಮೂಲ ನನ್ನ ಕಣ್ಣಿಗಿ ಬಿದ್ದೇ ಇಲ್ಲಲ್ಲ. ಎಲ್ಲಿ ಇಟ್ಟೀ?” ಎಂದು ಕೇಳಿದರಂತೆ. “ಅಡಗಿಮನ್ಯಾಗ, ಮ್ಯಾಲಿನ ಡಬ್ಬ್ಯಾಗ ಅದ. ನೀವು ಆ ಕಡಿ ಹಾಯ್ದಿದ್ರ ಕಾಣ್ತಿತ್ತು,” ಎಂದರಂತೆ ಬಾಯಿಯವರು.

ಆ ಡಬ್ಬಿಯಲ್ಲಿ ಇದ್ದದ್ದು ಹುಣಸೆಬೀಜ.

ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ತರಕಾರಿ ಮಾರುವ ಮಸ್ತಾನಬಿಯ ಜೊತೆ ಉರ್ದು. ಈ ಮೂರರಲ್ಲೂ ಮಥುರಾಬಾಯಿಯವರ ದನಿ ಒಂದೇ ಎತ್ತರದಲ್ಲಿರುತ್ತಿತ್ತು. ಆ ಬೀಜಗಳಿಂದಲೇ ಎಣಿಕೆ ಹೇಳಿಕೊಡುತ್ತ ಇಪ್ಪತ್ತೆರಡು ವರ್ಷ ಒಂದನೇ ತರಗತಿಯನ್ನೇ ಕಲಿಸಿದವರು. ವರ್ಷಕ್ಕೆ ಐವತ್ತು ಮಕ್ಕಳ ಮೂಗು ಒರೆಸಿದವರಿಗೆ ಅಧ್ಯಕ್ಷರು, ಸಾಹೇಬರು ಎಂದರೆ ವಿಶೇಷ ಭಯವೇನೂ ಇರುವುದಿಲ್ಲ.

ತಂದೆತಾಯಿಗಳೇ ಶಾಲೆಯ ಉಸ್ತುವಾರಿ ನೋಡಬೇಕೆಂದು ಊರೂರಿಗೆ ಸಮಿತಿಗಳಾದ ಕಾಲ ಅದು. ಅವುಗಳ ಸದಸ್ಯರಿಗೆ, ಮಾಸ್ತರರಿಗೆ, ಅಂಗನವಾಡಿಯವರಿಗೆ ಖೂಬಾ ಪ್ಲಾಟ್ ಬಡಾವಣೆಯ ಒಂದು ಸಭಾಂಗಣದಲ್ಲಿ ಮೂರು ದಿನದ ತರಬೇತಿ. ನಾನೂ ಸಂಪನ್ಮೂಲನೇ. ‘ಸಹಭಾಗಿತ್ವ’ ಎಂದು ಬರೆದು ಸುತ್ತ ಎಂಟು ಬಾಣ ಬಿಡಿಸಿದ ಚಾರ್ಟು ತೂಗುಹಾಕಿ ಒಂದೂವರೆ ತಾಸು ಮಾತಾಡಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಇಬ್ಬರು ಸಹಭಾಗಿಗಳು ಗೊರಕೆ ಹೊಡೆಯುತ್ತಿದ್ದರು.

ಆ ಮೇ ತಿಂಗಳ ತಂಡದಲ್ಲಿ ಕಮಲಾಪುರದಾಚೆಯ ಒಂದು ಶಾಲೆಯಿಂದ ಮೂವರು ಬಂದಿದ್ದರು. ಜರಿ ರುಮಾಲಿನ ಅಧ್ಯಕ್ಷ ಅಣವೀರಪ್ಪ, ಹೆಡ್ ಮಾಸ್ತರ ಬುರ್ಹಾನುದ್ದೀನ್, ಮತ್ತು ಬಾಳೆತೋಟದಲ್ಲಿ ಕೂಲಿ ಮಾಡುವ ಸದಸ್ಯೆ ಬಂಡೆಮ್ಮ. ಮೊದಲ ದಿನ ಚಹಾದ ಹೊತ್ತಿನಲ್ಲಿ ಬಂಡೆಮ್ಮ ಮಥುರಾಬಾಯಿಯವರನ್ನು ಮೂಲೆಗೆ ಕರೆದಳು.

“ಬಾಯಾರ, ನನ್ನ ಮಗಳು ರೇವಮ್ಮ ಐದು ಪಾಸಾಗ್ಯಾಳ. ಇನ್ನ ಸಾಲಿ ಸಾಕು ಅಂತಾನ ಅವರಪ್ಪ.”

“ಯಾಕ?”

“ದೊಡ್ಡಾಕಿ ಆಗ್ಲತ್ಯಾಳ್ರಿ. ಸಾಲಿ ಹಿಂದಿನ ಜಾಲಿ ಕಂಟಿಗಿ ಹೋದ್ರ ಹುಡುಗೋರು ಕಲ್ಲು ಒಗೀತಾರ. ಜೂನ್ ಒಂದಕ್ಕ ಸಾಲಿ ತೆರೀತದ. ಅವತ್ತಿಂದ ಕಳಿ ತೆಗೀಲಿಕ್ಕ ನನ್ನ ಕೂಡ ಬರ್ತಾಳ.”

“ಸಾಲ್ಯಾಗ ಸಂಡಾಸ ಇಲ್ಲೇನು?”

“ಅದರಿ. ಕೀಲಿ ಹಾಕ್ಯಾರ.”

ಮರುದಿನ ಬರುವಾಗ ಮಥುರಾಬಾಯಿಯವರು ಹುಣಸೆಬೀಜದ ಡಬ್ಬಿಯ ಜೊತೆ ಒಂದು ಪುಡಿಕೆ ರಂಗೋಲಿಯನ್ನೂ ತಂದರು.

“ಅಧ್ಯಕ್ಷರ, ನಿಮ್ಮ ಸಾಲಿ ನಕ್ಷಾ ನೆಲದ ಮ್ಯಾಲೆ ಹಾಕ್ರಿ.”

“ರಂಗೋಲಿ ಹಾಕೂದು ಹೆಣ್ಮಕ್ಕಳ ಕೆಲಸ ಬಾಯಾರ.”

“ಆತು ಬಿಡ್ರಿ. ಹಂಗಾದ್ರ ಸಾಲಿ ಅಧ್ಯಕ್ಷರೂ ಅವರೇ ಆಗ್ಲಿ.”

ಅಣವೀರಪ್ಪ ಧೋತರ ಎತ್ತಿ ಕಟ್ಟಿ ಕುಕ್ಕರಗಾಲಿನಲ್ಲಿ ಕೂತೇಬಿಟ್ಟರು. ಗೇಟು ಬಂತು, ಧ್ವಜದ ಕಂಬ ಬಂತು, ಆಗಸ್ಟ್ ಹದಿನೈದಕ್ಕೆ ತಮಗೆ ಹಾರ ಹಾಕುವ ಕಟ್ಟೆ ಬಂತು. ಹೆಡ್ ಮಾಸ್ತರರ ಖೋಲಿ, ಅದರೊಳಗೆ ತಾವು ಕೂಡುವ ಕುರ್ಚಿ. ಕೊನೆಗೆ ಸಂಡಾಸ, ಸುತ್ತ ನಾಲ್ಕು ಹೂವು. “ಹಿಂಥಾ ಟೈಲ್ಸಿಂದು ಸುತ್ತಹತ್ತೂರಾಗ ಇಲ್ಲ,” ಎಂದು ಕೈ ಝಾಡಿಸಿಕೊಂಡರು.

“ಮಕ್ಕಳು ಎಲ್ಲಿ ಕೂಡ್ತಾರ್ರಿ?”

“ಹಾಂ... ಕ್ಲಾಸು. ಅವು ಹಿಂದ ಎಲ್ಲೋ ಅವ.”

ಬುರ್ಹಾನುದ್ದೀನ್ ಮಾಸ್ತರರು ಅವಸರದಲ್ಲಿ ಐದು ಖೋಲಿ ಎಳೆದರು. ಮಥುರಾಬಾಯಿಯವರು ಬೀಜದ ಡಬ್ಬಿಯನ್ನು ಬಂಡೆಮ್ಮನ ಕೈಗೆ ಕೊಟ್ಟರು. “ಒಂದು ಬೀಜ ಅಂದ್ರ ಹತ್ತು ಮಕ್ಕಳು. ದಿನಾ ಎಲ್ಲೆಲ್ಲಿ ಹೋಗ್ತಾರೋ ಅಲ್ಲಲ್ಲಿ ಇಡವಾ.”

ಬಂಡೆಮ್ಮ ಖೋಲಿಗಳಲ್ಲಿ ಇಟ್ಟಳು, ನೀರಿನ ಬೋರಿಂಗಿನ ಹತ್ತಿರ ಇಟ್ಟಳು. ಆಮೇಲೆ ಅಧ್ಯಕ್ಷರ ಗೆರೆ ದಾಟಿ, ಬರೀ ನೆಲದ ಮೇಲೆ ಒಂದು ಹಿಡಿ ಸುರುವಿದಳು.

“ಅಲ್ಲೇನದ?” ಎಂದರು ಅಣವೀರಪ್ಪ.

“ಜಾಲಿ ಕಂಟಿ.”

ಹೂವಿನ ನಡುವಿನ ಸಂಡಾಸ ಖಾಲಿ ಉಳಿಯಿತು. “ಇಲ್ಲಿ?” ಎಂದರು ಮಥುರಾಬಾಯಿ.

“ಅದು ಸಾಹೇಬ್ರು ಬಂದಾಗ ತೆಗೀತೀವ್ರಿ,” ಎಂದರು ಹೆಡ್ ಮಾಸ್ತರರು.

“ಛಲೋ ಆತು, ಒಂದು ಬೀಜ ಇಡ್ರಿ. ಸಾಹೇಬ್ರು ಎಷ್ಟು ಸಲ ಬಂದಾರ?”

“ಎರಡು ವರ್ಷದಾಗ ಒಮ್ಮಿ.” ಮಾಸ್ತರರು ಸುಳ್ಳು ಹೇಳಲಾರದ ಮನುಷ್ಯ. “ಅವರೂ ಒಳಗ ಹೋಗ್ಲಿಲ್ರಿ. ಚಾ ಕುಡದು ಹೋದ್ರು.”

ಮಥುರಾಬಾಯಿಯವರು ಆ ಒಂದು ಬೀಜವನ್ನೂ ಎತ್ತಿ ಡಬ್ಬಿಗೆ ಹಾಕಿಕೊಂಡರು.

“ಅಲ್ಲ ಬಾಯಾರ, ಹುಡುಗ್ರು ಹೊಕ್ಕರ ಸಂಡಾಸ ಹೊಲಸಾಗ್ತದಲ್ರೀ!”

ಹೇಳಿದ ಮೇಲೆಯೇ ಅಣವೀರಪ್ಪನವರಿಗೆ ತಾವು ಹೇಳಿದ್ದು ಕೇಳಿಸಿತು. ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಅವರ ಮುಖ ಕಮಲಾಪುರದ ಕೆಂಪು ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು.

ಬಂಡೆಮ್ಮ ಮಾತ್ರ ನಗಲಿಲ್ಲ. “ಯಪ್ಪಾ, ನಿಮ್ಮ ಮನಿ ಸಂಡಾಸಕ್ಕ ಸೊಸಿ ಬಂದಾಗ ಕೀಲಿ ಹಾಕಿದ್ರೇನು?”

ನಗು ನಿಂತಿತು. ಆಮೇಲೆ ಅಣವೀರಪ್ಪ ಆ ಮೂರು ದಿನದ ತರಬೇತಿಯಲ್ಲಿ ಬೇರೆ ಯಾರೂ ಕೇಳದಂಥ ಒಳ್ಳೆಯ ಪ್ರಶ್ನೆ ಕೇಳಿದರು: “ನೀರು ಯಾರು ತರಬೇಕು? ತೊಳೆಯೋರು ಯಾರು?”

ನಾನು ಚಾರ್ಟಿನ ಕಡೆ ಹೊರಟಿದ್ದೆ. ಮಥುರಾಬಾಯಿಯವರು ಕಣ್ಣಲ್ಲೇ ಕೂಡಿಸಿದರು. ಊಟದ ಗಂಟೆಯವರೆಗೆ ಆ ಮೂವರೇ ನಕ್ಷೆಯ ಸುತ್ತ ಕೂತು ಜಗಳಾಡಿದರು. ಬೋರಿಂಗಿನಿಂದ ಸಂಡಾಸಕ್ಕೆ ಇಪ್ಪತ್ತು ಹೆಜ್ಜೆ. ಬಾಗಿಲ ಮುಂದೆ ಒಂದು ಡ್ರಮ್ಮು ಇಟ್ಟು, ದೊಡ್ಡ ಹುಡುಗ ಹುಡುಗಿಯರು ಪಾಳಿಯ ಮೇಲೆ ತುಂಬುವುದು. ತೊಳೆಯುವ ಪಾಳಿಯಲ್ಲಿ ಮಾಸ್ತರರೂ ಸೇರಬೇಕೆಂದು ಬಂಡೆಮ್ಮ ಹಟ ಹಿಡಿದಳು. ಬುರ್ಹಾನುದ್ದೀನರು ಸೋಮವಾರ ತಮ್ಮದು ಎಂದರು.

ಅಣವೀರಪ್ಪನವರದು ಒಂದೇ ಶರತ್ತು. “ಉದ್ಘಾಟನಾ ಆಗ್ಬೇಕು. ನನ್ನ ಕೈಲೆ.”

“ಭೇಷಾಗಿ ಮಾಡ್ರಿ,” ಎಂದರು ಮಥುರಾಬಾಯಿ. “ಆದ್ರ ಜೂನ್ ಒಂದಕ್ಕ. ತಂದಿತಾಯಿ ಎಲ್ಲಾರಿಗೂ ಹೇಳಿಕಳಿಸ್ರಿ, ರೇವಮ್ಮನ ಅಪ್ಪಗೂ.”

ಜೂನ್ ಒಂದಕ್ಕೆ ಮಥುರಾಬಾಯಿಯವರ ಜೊತೆ ನಾನೂ ಬಸ್ಸು ಹತ್ತಿದೆ. ಎರಡು ವರ್ಷ ಹಳೆಯ ಸಂಡಾಸಕ್ಕೆ ಮಾವಿನ ತೋರಣ ಕಟ್ಟಿದ್ದರು. ಅಣವೀರಪ್ಪ ರಿಬ್ಬನ್ನು ಕತ್ತರಿಸಿ ಬಾಗಿಲು ತೆಗೆದರು. ಆಮೇಲೆ ಕಟ್ಟೆ ಹತ್ತಿ ಭಾಷಣ ಶುರು ಮಾಡಿದರು. ಈ ವಿಚಾರ ತಮಗೆ ಒಂದು ಮುಂಜಾನೆ ತಾನಾಗಿಯೇ ಹೊಳೆಯಿತು ಎಂದರು. ಮಥುರಾಬಾಯಿಯವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಭಾಷಣ ಸ್ವಾತಂತ್ರ್ಯ ಹೋರಾಟ ಮುಟ್ಟಿದಾಗ, ಹಿಂದೆ ನಿಂತಿದ್ದ ರೇವಮ್ಮನ ಅಪ್ಪ ಯಾರಿಗೂ ಹೇಳದೆ ಸಂಡಾಸಿನ ಒಳಗೆ ಹೋದ. ಒಳಗಿಂದ ಚಿಲಕ ಹಾಕಿದ ಸಪ್ಪಳ ಕೇಳಿತು. ತೆಗೆದ, ಮತ್ತೆ ಹಾಕಿದ. ಹೊರಗೆ ಬಂದು ಬಾಗಿಲನ್ನು ಹೆಗಲಿನಿಂದ ಎರಡು ಸಲ ದೂಡಿ ನೋಡಿದ.

ಅವನು ನೇರ ಬುರ್ಹಾನುದ್ದೀನ್ ಮಾಸ್ತರರ ಹತ್ತಿರ ಬಂದ.

“ಚಿಲಕ ಗಟ್ಟಿ ಅದರಿ. ಆರನೇ ಕ್ಲಾಸಿನ ಹಾಜರಿ ಪುಸ್ತಕದಾಗ ನಮ್ಮ ಹುಡುಗಿ ಹೆಸರು ಬರೀರಿ.”