ಮೊದಲ ಸರದಿಯಲ್ಲೇ ಸಾಯುತ್ತಿದ್ದ ಸಿಪಾಯಿ

ಕೋವಿಡ್ ಮುಗಿದು ಆಫೀಸುಗಳು ಮತ್ತೆ ತೆರೆದ ವರ್ಷ ನಾನು ಇಂದಿರಾನಗರದ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಕ್ಯೂಎ ಲೀಡ್ ಆಗಿದ್ದೆ. ಕ್ಯೂಎ ಎಂದರೆ ಗೇಮ್ ಮಾರುಕಟ್ಟೆಗೆ ಹೋಗುವ ಮೊದಲು ಅದನ್ನು ಆಡಿ ಆಡಿ ತಪ್ಪು ಹುಡುಕುವ ವಿಭಾಗ. ದಿನವಿಡೀ ಆಟ ಆಡಿ ಸಂಬಳ ಎಣಿಸುವವಳು ಎಂದು ಹಲಸೂರಿನ ನಮ್ಮ ಬೀದಿಯವರು ನಗುತ್ತಿದ್ದರು. ದೂರದ ಬೆಟ್ಟ ನುಣ್ಣಗೆ.

ಆಗ ತಯಾರಾಗುತ್ತಿದ್ದದ್ದು ಟರ್ನ್-ಬೇಸ್ಡ್ ಗೇಮ್. ಚದುರಂಗದ ಹಾಗೆ ಒಮ್ಮೆ ನಮ್ಮ ಸರದಿ, ಒಮ್ಮೆ ಶತ್ರುವಿನದು. ಆಟಗಾರ ಬಾಡಿಗೆ ಸಿಪಾಯಿಗಳ ತಂಡ ಕಟ್ಟಬೇಕು. ಪ್ರತಿ ಸಿಪಾಯಿಗೂ ಒಂದು ವಿಚಿತ್ರ ಗುಣ: ಒಬ್ಬಳಿಗೆ ಕತ್ತಲೆಂದರೆ ಭಯ, ಇನ್ನೊಬ್ಬ ಹಸಿದರೆ ಗುಂಡು ಹಾರಿಸುವುದಿಲ್ಲ. ಸತ್ತವರು ಮತ್ತೆ ಬದುಕುವುದಿಲ್ಲ. ಇದಕ್ಕೆ ಪರ್ಮಾಡೆತ್ ಎನ್ನುತ್ತಾರೆ.

ನನ್ನ ತಂಡದಲ್ಲಿ ಕೆ.ಆರ್. ಪುರದ ಮುನಿರಾಜು ಎಂಬ ಟೆಸ್ಟರ್ ಇದ್ದ. ಉಗ್ಗುತ್ತಿದ್ದ. ಅವನು ಮಾತು ಮುಗಿಸುವವರೆಗೆ ಕಾಯುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಉಳಿದದ್ದನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಕ್ರಿಯೇಟಿವ್ ಡೈರೆಕ್ಟರ್ ವಿಕ್ರಮ್‌ಗೆ ಇದರಿಂದಲೇ ಸ್ಫೂರ್ತಿ ಬಂತಂತೆ. ರಾಜು ಎಂಬ ಸಿಪಾಯಿ ಹುಟ್ಟಿದ. ಶತ್ರು ಕಂಡಾಗ ಎಚ್ಚರಿಸಲು ಹೋಗಿ ಉಗ್ಗುತ್ತಾನೆ, ಅಷ್ಟರಲ್ಲಿ ತಂಡದ ಒಂದು ಸರದಿ ಕೈತಪ್ಪುತ್ತದೆ. ಮೀಟಿಂಗಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೇಡವೆಂದು ಜಗಳವಾಡಿದ ನನಗೆ ಹಾಸ್ಯಪ್ರಜ್ಞೆ ಇಲ್ಲದವಳೆಂಬ ಬಿರುದು ಸಿಕ್ಕಿತು.

ಮುನಿರಾಜು ಮಾತ್ರ ಖುಷಿಯಲ್ಲಿದ್ದ. ಆ ಪಾತ್ರಕ್ಕೆ ದನಿ ಕೊಡಲು ಅವನನ್ನೇ ಕರೆದಿದ್ದರು. ಮನೆಯಲ್ಲಿ ಪುಟ್ಟ ಮಗಳು ಅಪ್ಪನ ಉಗ್ಗನ್ನು ಅಣಕಿಸುತ್ತಿದ್ದಳು; ಗೇಮಿನೊಳಗೆ ಅಪ್ಪನ ದನಿ ಕೇಳಿದರೆ ನಿಲ್ಲಿಸುತ್ತಾಳೆ ಎಂಬುದು ಅವನ ಆಸೆ.

ಮೈಕಿನ ಮುಂದೆ ನಿಂತವನು ಎಲ್ಲ ಸಾಲುಗಳನ್ನೂ ಒಂದಕ್ಷರ ತಡೆಯದೆ ಹೇಳಿಬಿಟ್ಟ. ಪಾತ್ರವಾಗಿ ಮಾತಾಡುವಾಗ ಕೆಲವರಿಗೆ ಉಗ್ಗು ಬರುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡೇ ಇರಲಿಲ್ಲ.

"ಹಿಂಗಲ್ಲ ಗುರು, ನಿನ್ ಥರಾ ಮಾತಾಡು," ಎಂದ ವಿಕ್ರಮ್.

ಮುನಿರಾಜು ಪ್ರಯತ್ನಿಸಿದ. ಮಧ್ಯಾಹ್ನದವರೆಗೂ ಪ್ರಯತ್ನಿಸಿದ. ಉಗ್ಗು ಹೇಳಿದಾಗ ಬರುವ ವಸ್ತುವಲ್ಲ. ಕೊನೆಗೆ ಶಿವಾಜಿನಗರದಿಂದ ಒಬ್ಬ ಮಿಮಿಕ್ರಿ ಕಲಾವಿದನನ್ನು ಕರೆಸಿದರು. ಆತ ಉಗ್ಗು ಕಲಿಯಲೆಂದು ಎದುರಿಗೆ ಮುನಿರಾಜುವನ್ನೇ ಕೂರಿಸಿ, ಊರು, ಮನೆ, ಮಗಳ ಬಗ್ಗೆ ಮಾತಾಡಿಸಿದರು. ಆ ಹೊತ್ತಿನಲ್ಲಿ ಮುನಿರಾಜು ಚೆನ್ನಾಗಿಯೇ ಉಗ್ಗಿದ.

ಆಮೇಲೆ ಟೆಸ್ಟಿಂಗ್. ಒಬ್ಬ ಟೆಸ್ಟರ್‌ಗೆ ಒಬ್ಬ ಸಿಪಾಯಿ. ರಾಜುವನ್ನು ಮುನಿರಾಜುಗೇ ಕೊಡಬೇಕೆಂದು ವಿಕ್ರಮ್ ಹಟ ಹಿಡಿದು ಕೊಡಿಸಿದ. ಮುನಿರಾಜುವಿನ ವರದಿ ಪ್ರತಿದಿನ ಒಂದೇ: ದೋಷವಿಲ್ಲ.

ಗೇಮ್ ಬಿಡುಗಡೆಯಾಯಿತು. ರಾಜುವನ್ನು ಐದನೇ ಯುದ್ಧದವರೆಗೆ ಬದುಕಿಸಿಕೊಂಡವರ ಗೇಮೆಲ್ಲ ಅಲ್ಲೇ ಹ್ಯಾಂಗ್ ಆಗುತ್ತಿತ್ತು. ಆಟಗಾರರು ಬಾಯಿಗೆ ಬಂದಂತೆ ಬೈದರು. ಇಷ್ಟು ದೊಡ್ಡ ತಪ್ಪು ನಿನಗೆ ಹೇಗೆ ಸಿಗಲಿಲ್ಲವೆಂದು ಮೀಟಿಂಗಿನಲ್ಲಿ ಮುನಿರಾಜುವನ್ನು ನಿಲ್ಲಿಸಿ ಕೇಳಿದರು.

"ಅ... ಅವನು ಬಾಯಿ ಬಿಡೋ ಮುಂಚೇನೇ ನಾನು ಸಾ... ಸಾಯಿಸ್ಬಿಡ್ತಿದ್ದೆ ಸಾರ್. ದಿನಾ."

ಮೊದಲ ಸರದಿಯಲ್ಲೇ ರಾಜುವನ್ನು ಗೋಡೆಯ ಮರೆಯಿಂದ ಎಬ್ಬಿಸಿ ಶತ್ರುಗಳ ಗುಂಡಿಗೆ ಎದುರಾಗಿ ನಡೆಸುತ್ತಿದ್ದನಂತೆ. ರಾಜು ಸತ್ತ ಮೇಲೆ ಗೇಮಿನಲ್ಲಿ ದೋಷವೇನೂ ಇರುತ್ತಿರಲಿಲ್ಲ, ವರದಿ ಸುಳ್ಳಲ್ಲ. ಅಂದು ಅವನ ಮಾತನ್ನು ಯಾರೂ ಮುಗಿಸಿಕೊಡಲು ಹೋಗಲಿಲ್ಲ. ಸಂಜೆಯೊಳಗೆ ಕೆಲಸದಿಂದ ತೆಗೆದರು. ನಾನು ಎಚ್‌ಆರ್ ಬಾಗಿಲಲ್ಲಿ ಕೂಗಾಡಿದ್ದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ವಿಕ್ರಮ್‌ಗೆ ಬಡ್ತಿ ಸಿಕ್ಕಿತು.

ತಪ್ಪು ಸರಿಪಡಿಸಿದ ಮೇಲೆ ರಾಜು ಜನಪ್ರಿಯನಾದ. ಅವನ ಉಗ್ಗು ರೀಲ್ಸ್‌ನಲ್ಲಿ ಹರಿದಾಡಿತು. ಜೋಗುಪಾಳ್ಯದ ಮಕ್ಕಳು ಬೀದಿಯಲ್ಲಿ ಅದನ್ನೇ ಕೂಗುತ್ತಿದ್ದರು. ಕೆಲವು ತಿಂಗಳ ನಂತರ ಮುನಿರಾಜು ಫೋನ್ ಮಾಡಿದ. ಮಗಳು ಈಗ ತನ್ನನ್ನು ಅಣಕಿಸುವುದಿಲ್ಲವೆಂದ. ಒಳ್ಳೆಯದಾಯಿತಲ್ಲ ಎಂದೆ. ಅವನು ಮುಂದಿನ ಮಾತು ಹೊರಡಿಸುವವರೆಗೆ ಕಾದೆ.

"'ಯಾಕಪ್ಪಾ ಯಾವಾಗ್ಲೂ ರಾಜು ಥರಾ ಮಾಡ್ತೀಯಾ, ನಿ... ನಿನ್ ಥರಾ ಮಾತಾಡು' ಅಂತಾಳೆ ಮೇಡಂ."

ಈಗ ಹೊಸ ಟೆಸ್ಟರ್‌ಗಳಿಗೆ ಪಾಠ ಹೇಳುವಾಗ ಇದನ್ನು ತಪ್ಪದೆ ಹೇಳುತ್ತೇನೆ. ದೋಷವಿಲ್ಲ ಎಂಬ ವರದಿ ಬಂದರೆ, ಆಡಿದವನು ಮೊದಲು ಯಾರನ್ನು ಸಾಯಲು ಬಿಟ್ಟ ಎಂದು ನೋಡಿ. ಆಮೇಲೆ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಏಕೆಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ.