ಓಜಿಮಾದಲ್ಲಿ ಪಾದ್ರಿ ವೇಷ

ಕೊರೊನಾದ ಎರಡನೆಯ ವರ್ಷ ಟೋಕಿಯೋದ ಓಜಿಮಾದಲ್ಲಿ ನಾವು ಕನ್ನಡಿಗರು ರಾಜ್ಯೋತ್ಸವವನ್ನು ಜೂಮ್‌ನಲ್ಲಿ ಮಾಡಿದೆವು. ಹಾಲ್ ಬಾಡಿಗೆಗೆ ಸಿಗುವುದೇ ಕಷ್ಟವಿತ್ತು, ಸಿಕ್ಕರೂ ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ. ಬಿಸಿಬೇಳೆಬಾತ್ ಇಲ್ಲದ ರಾಜ್ಯೋತ್ಸವಕ್ಕೆ ಯಾರು ತಾನೆ ಬರುತ್ತಾರೆ? ಹಾಗಾಗಿ ಕಮಿಟಿಯವರು ಮಕ್ಕಳನ್ನು ಮುಂದೆ ಬಿಟ್ಟರು. ‘ನಾಡು ಕಟ್ಟಿದವರು’ ಎಂಬ ವಿಷಯ ಕೊಟ್ಟು, ಪ್ರತಿ ಮಗುವೂ ಒಬ್ಬರ ವೇಷ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತು ‘ನಾನು ಇಂಥವರು’ ಎಂದು ನಾಲ್ಕು ಮಾತು ಆಡಬೇಕು ಎಂದರು. ಬೆಂಗಳೂರಿನ ಶಾಲೆಯಲ್ಲಿ ಓದಿದ ಯಾರಿಗೂ ಈ ವೇಷಭೂಷಣದ ಹುಚ್ಚು ಬಿಟ್ಟಿಲ್ಲ. ಪೇಟ ಸುತ್ತಿದ ಇಂಜಿನಿಯರು, ಕತ್ತಿ ಹಿಡಿದ ರಾಣಿ, ವಚನ ಹೇಳುವ ಶರಣರು, ಇಷ್ಟು ಜನ ಬಂದು ಹೋಗುವಷ್ಟರಲ್ಲಿ ನಮ್ಮ ನಾಡು ಕಟ್ಟಿ ಮುಗಿದಿರುತ್ತದೆ.

ನನ್ನ ಮಗಳು ಆಗ ಆರನೇ ಕ್ಲಾಸು. ಪುಟ್ಟ ಮಗುವಾಗಿದ್ದಾಗಲೇ ಇಲ್ಲಿಗೆ ಬಂದು ಜಪಾನೀ ಶಾಲೆ ಸೇರಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡು ಎಂದರೆ ಜಪಾನೀಗೋ ಇಂಗ್ಲಿಷಿಗೋ ಓಡುತ್ತಾಳೆ. ಅವಳು ಆರಿಸಿಕೊಂಡದ್ದು ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿಕೊಟ್ಟ ಜರ್ಮನ್ ಪಾದ್ರಿಯನ್ನು. ಯಾಕೆ ಅವರೇ ಎಂದು ಕೇಳಿದೆ.

“ಅವ್ರಿಗೂ ಫಸ್ಟ್ ಕನ್ನಡ ಬರ್ತಿರ್ಲಿಲ್ಲ ಅಲ್ವಾ ಅಮ್ಮ? ಎಲ್ರನ್ನೂ ಕೇಳಿ ಕೇಳಿ ಕಲಿತ್ರು. ಲೈಕ್ ಮಿ.”

ಈ ಆಯ್ಕೆಯ ಹಿಂದೆ ನನ್ನ ಕೈವಾಡವಿದೆ ಎಂದು ಆಮೇಲೆ ಕೆಲವರು ಮಾತಾಡಿಕೊಂಡರಂತೆ. ನಾವು ಮೈಸೂರು ಕಡೆಯ ಕನ್ನಡ ಕ್ರೈಸ್ತರು. ಹೆಸರು ಹೇಳಿದ ಕೂಡಲೇ ‘ಗೋವಾನಾ? ಕೇರಳಾನಾ?’ ಎಂದು ಕೇಳಿಸಿಕೊಂಡೇ ಬೆಳೆದವರು. ನಮ್ಮಜ್ಜಿ ಮಲ್ಲಿಗೆ ಮುಡಿದು, ಚಪ್ಪಲಿ ಹೊರಗೆ ಬಿಟ್ಟು, ಚರ್ಚಿನ ನೆಲದ ಮೇಲೆ ಕೂತು ಪೂಜೆ ಕೇಳುತ್ತಿದ್ದಳು. ಅವಳ ತಾಳಿಯಲ್ಲೇ ಶಿಲುಬೆ ಇತ್ತು. ನಮ್ಮಪ್ಪ ಚರ್ಚಿನಲ್ಲಿ ಕನ್ನಡದಲ್ಲೇ ಪೂಜೆ ಆಗಬೇಕು ಎಂದು ಗೇಟಿನ ಮುಂದೆ ಧರಣಿ ಕೂತು ಪೊಲೀಸ್ ವ್ಯಾನ್ ಹತ್ತಿದವರು. ನಮಗೆ ಕನ್ನಡತನದ ಸರ್ಟಿಫಿಕೇಟನ್ನು ಯಾರೂ ಬರೆದುಕೊಡಬೇಕಾಗಿಲ್ಲ. ತಮಾಷೆಯೆಂದರೆ ಆ ಜರ್ಮನ್ ಪಾದ್ರಿ ನಮ್ಮ ಸಭೆಯವರೇ ಅಲ್ಲ. ಅವರು ಪ್ರಾಟೆಸ್ಟೆಂಟ್, ನಾವು ಕ್ಯಾಥೊಲಿಕ್. ನಮ್ಮಜ್ಜಿಯನ್ನು ಕೇಳಿದ್ದರೆ ಅವರಿಗೆ ಸ್ವರ್ಗದಲ್ಲಿ ಜಾಗ ಸಿಗುವುದೇ ಅನುಮಾನ ಎನ್ನುತ್ತಿದ್ದಳು.

ಮನೆಯಿಂದಲೇ ಕೆಲಸವಾದ ಮೇಲೆ ಗಂಡನ ಆಫೀಸಿನ ಕರಿ ಕೋಟು ಬೀರುವಿನಲ್ಲಿ ಸುಮ್ಮನೆ ತೂಗುತ್ತಿತ್ತು. ಅದನ್ನು ಮಗಳಿಗೆ ತೊಡಿಸಿದೆ. ಔಷಧಿ ಅಂಗಡಿಯಿಂದ ಹತ್ತಿ ತಂದು ಗಡ್ಡ ಅಂಟಿಸಿದೆವು. ಗೋಡೆಯಲ್ಲಿದ್ದ ಮರದ ಸಣ್ಣ ಶಿಲುಬೆಯನ್ನು ಅವಳೇ ತೆಗೆದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಫೋಟೋ ತೆಗೆದು, ಅವಳು ಆಡಲಿದ್ದ ನಾಲ್ಕು ಮಾತಿನ ಜೊತೆ ಗ್ರೂಪಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳ ಫೋನ್ ಬಂತು.

ಕಾರ್ಯದರ್ಶಿಗಳೆಂದರೆ ನಮ್ಮ ಎದುರು ಬ್ಲಾಕಿನವರು. ಹುಲ್ಲುಹಾಸಿನ ಆಚೆ ಅವರ ಬಾಲ್ಕನಿ, ಈಚೆ ನಮ್ಮದು. ಹೋದ ಚಳಿಗಾಲ ನಾವು ಮೂವರೂ ಜ್ವರ ಹಿಡಿದು ಮಲಗಿದ್ದಾಗ ದಿನಾ ನಮ್ಮ ಬಾಗಿಲ ಹಿಡಿಗೆ ತಿಳಿಸಾರಿನ ಡಬ್ಬಿ ನೇತುಹಾಕಿ ಹೋಗುತ್ತಿದ್ದರು. ಅಂಥವರಿಗೆ ಇಲ್ಲ ಎನ್ನುವುದು ಸುಲಭವಲ್ಲ.

“ಮೇಡಂ, ಪುಟ್ಟಿ ಗೆಟಪ್ ಸೂಪರ್. ಒಂದೇ ಒಂದು ರಿಕ್ವೆಸ್ಟ್. ಆ ಕ್ರಾಸ್ ಬೇಡ. ಆಮೇಲೆ ‘ನಾನೊಬ್ಬ ಪಾದ್ರಿ’ ಅನ್ನೋದನ್ನ ‘ನಾನೊಬ್ಬ ವಿದೇಶಿ ವಿದ್ವಾಂಸ’ ಅಂತ ಮಾಡ್ಬಿಡಿ.”

“ಯಾಕೆ ಸಾರ್?”

“ಒಂದಿಬ್ರು ಪರ್ಸನಲ್ ಆಗಿ ಮೆಸೇಜ್ ಮಾಡಿದ್ರು. ಮತಾಂತರ, ಅದೂ ಇದೂ ಅಂತ ಶುರುವಾಗತ್ತೆ. ನಮ್ದು ಕಲ್ಚರಲ್ ಪ್ರೋಗ್ರಾಂ, ರಿಲಿಜನ್ ಯಾಕೆ ಅಂತ.”

“ಗಣೇಶನ ಶ್ಲೋಕದಿಂದಲ್ವಾ ಸಾರ್ ನೀವು ಶುರು ಮಾಡೋದು?”

“ಅದು ಕಲ್ಚರ್ ಮೇಡಂ.”

ನನಗೆ ಮೈಯೆಲ್ಲ ಉರಿಯಿತು. ಶ್ಲೋಕದ ಬಗ್ಗೆ ನನಗೆ ತಕರಾರಿಲ್ಲ, ನನಗೂ ಅದು ಬಾಯಿಗೆ ಬರುತ್ತದೆ. ಆದರೆ ಒಬ್ಬರ ದೇವರು ಸಂಸ್ಕೃತಿ, ಇನ್ನೊಬ್ಬರ ದೇವರು ಗಲಾಟೆ ಎಂದು ಯಾರು ಹೇಳಿದ್ದು? ಆ ಪಾದ್ರಿ ಬಂದದ್ದು ಮತ ಸಾರಲಿಕ್ಕೇ; ಅದನ್ನು ನಾನೇಕೆ ಮುಚ್ಚಿಡಲಿ? ಸಾರಲು ಬಂದವರು ನಮ್ಮ ಪದಗಳ ಹಿಂದೆ ಬಿದ್ದು ಕಣ್ಣು ಕಳೆದುಕೊಳ್ಳುವಷ್ಟು ದುಡಿದರು. ಕನ್ನಡದ ಮೊದಲ ಪತ್ರಿಕೆ ಅಚ್ಚಾದದ್ದು ಮಂಗಳೂರಿನ ಪಾದ್ರಿಗಳ ಕೈಯಲ್ಲಿ. ನಾಡು ಒಂದಾಗುವುದಕ್ಕೆ ಮೊದಲು ಅದರ ಮಾತನ್ನು ಒಂದು ಕಡೆ ಕೂಡಿಸಿಟ್ಟವರಲ್ಲಿ ಅವರೂ ಇದ್ದರು. ಅವರ ನಿಘಂಟು ಬೇಕು, ಅವರು ಬೇಡ ಅಂದರೆ ಹಾಲು ಬೇಕು ಹಸು ಬೇಡ ಅಂದಂತೆ. ದೇಶದ ಸಂವಿಧಾನ ಬರೆದವರು ದೇವರ ಹೆಸರಿನಿಂದ ಶುರು ಮಾಡೋಣವೇ ಬೇಡವೇ ಎಂದು ಎದುರೆದುರೇ ವಾದ ಮಾಡಿದರು, ಕೊನೆಗೆ ಜನರ ಹೆಸರಿನಿಂದ ಶುರು ಮಾಡಿದರು. ನಮ್ಮ ಕಮಿಟಿಗೆ ಪರ್ಸನಲ್ ಮೆಸೇಜೇ ಸಾಕಾಗಿತ್ತು.

ಇದನ್ನೆಲ್ಲ ನಾನು ಹೇಳಿದ್ದು ಗಂಡನಿಗೆ, ಕಾರ್ಯದರ್ಶಿಗಳಿಗಲ್ಲ. ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ಬಿಡೇ. ಇಲ್ಲಿ ಕನ್ನಡದವ್ರು ಇರೋದೇ ನಾಲ್ಕು ಮನೆ. ನಾಳೆ ಮತ್ತೆ ಜ್ವರ ಬಂದ್ರೆ ಸಾರು ತಂದ್ಕೊಡೋರು ಅವ್ರೇ.”

ಅದೂ ಸುಳ್ಳಲ್ಲ. ಆಸ್ಪತ್ರೆಗಳು ತುಂಬಿದ್ದ ಕಾಲ, ಊರಿಗೆ ವಿಮಾನವಿಲ್ಲ, ಇರುವ ಕನ್ನಡದವರೇ ಬಂಧು ಬಳಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಮಗಳನ್ನು ಕರೆದು ಕೂರಿಸಿ, ಶಿಲುಬೆ ತೆಗೆದುಬಿಡು ಪುಟ್ಟಿ, ‘ವಿದೇಶಿ ವಿದ್ವಾಂಸ’ ಅಂತ ಹೇಳು, ಅದೂ ಗೌರವದ ಮಾತೇ ಎಂದೆ.

ಅವಳು ಶಿಲುಬೆಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದಳು.

“ಅಮ್ಮ, ಇದು ಫುಮಿಯೆ ಥರಾನಾ?”

ಫುಮಿಯೆ ಅವಳ ಶಾಲೆಯ ಇತಿಹಾಸದ ಪಾಠದಲ್ಲಿತ್ತು. ಜಪಾನಿನಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿದ್ದ ಕಾಲದಲ್ಲಿ ಅಧಿಕಾರಿಗಳು ಯೇಸುವಿನ ಇಲ್ಲವೇ ಮಾತೆಯ ಚಿತ್ರವನ್ನು ನೆಲದ ಮೇಲಿಟ್ಟು ಊರವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ತುಳಿದವರು ಮನೆಗೆ, ತುಳಿಯದವರು ಸೆರೆಗೆ. ಪಾಠ ಮಾಡುವಾಗ ಇಡೀ ಕ್ಲಾಸು ಇವಳ ಕಡೆ ತಿರುಗಿ ನೋಡಿತ್ತಂತೆ.

“ಛೇ, ಅದು ತುಳಿಯೋದು. ಇದು ಬರೀ ತೆಗೆದಿಡೋದು ಕಣೇ.”

“ಬಟ್ ತೆಗೆದ್ರೆ ಮಾತ್ರ ಸೇರಿಸ್ಕೋತಾರೆ. ಅಲ್ವಾ?”

ಅವಳ ಕೈಯಿಂದ ಶಿಲುಬೆ ತೆಗೆದುಕೊಂಡು ನಾನೇ ಅವಳ ಕೊರಳಿಗೆ ಹಾಕಿದೆ. ಕಾರ್ಯದರ್ಶಿಗಳಿಗೆ ಮೆಸೇಜ್ ಬರೆದೆ: ‘ಕ್ರಾಸ್ ಇರತ್ತೆ ಸಾರ್. ಪಾದ್ರಿ ಅಂತಲೇ ಹೇಳ್ತಾಳೆ. ಬೇಡ ಅಂದ್ರೆ ಈಗಲೇ ಹೇಳಿ.’ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ನನ್ನ ಮಗಳು ತನ್ನ ಅಪ್ಪನ ಎದುರು, ಕನ್ನಡಿಯ ಎದುರು, ಅಕ್ಕಿ ತೊಳೆಯುತ್ತಿದ್ದ ನನ್ನ ಬೆನ್ನಿಗೆ ನಿಂತು ಮಾತು ಅಭ್ಯಾಸ ಮಾಡಿದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಅಷ್ಟು ಕನ್ನಡ ನಾನು ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಶ್ಲೋಕವಾಯಿತು, ನಾಡಗೀತೆಯಾಯಿತು, ಇಬ್ಬರು ಇಂಜಿನಿಯರು, ಮೂವರು ರಾಣಿಯರು ಬಂದುಹೋದರು. ನಮ್ಮವಳ ಸರದಿ ಬಂತು.

“ಎಲ್ಲರಿಗೂ ನಮಸ್ಕಾರ. ನಾನೊಬ್ಬ ಪಾದ್ರಿ.”

ಅಷ್ಟೇ. ಪರದೆಯ ಮೂಲೆಯಲ್ಲಿ ಮೈಕಿನ ಮೇಲೆ ಕೆಂಪು ಗೆರೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ, ಹತ್ತಿಯ ಗಡ್ಡ ಅಲ್ಲಾಡುತ್ತಲೇ ಇತ್ತು. ನಾನು ಓಡಿಬಂದು ಮೈಕ್ ಒತ್ತಿದೆ, ಹೋಸ್ಟ್ ಮ್ಯೂಟ್ ಮಾಡಿದ್ದಾರೆ ಎಂದು ತೋರಿಸಿತು, ತೆಗೆಯಲು ಬಿಡಲಿಲ್ಲ. “ನೆಟ್‌ವರ್ಕ್ ಪ್ರಾಬ್ಲಂ ಅನ್ಸತ್ತೆ, ನೆಕ್ಸ್ಟ್ ಪುಟಾಣಿ ರೆಡಿ ಇದ್ರೆ…” ಎಂದು ಕಾರ್ಯದರ್ಶಿಗಳ ದನಿ ಕೇಳಿತು. ಆ ದನಿಯಲ್ಲಿ ಸಂಕೋಚ ಇತ್ತು. ಇದ್ದರೆ ಇರಲಿ, ನನ್ನ ಕಣ್ಣಲ್ಲಿ ಸಿಟ್ಟಿಗೆ ನೀರು ಬಂತು.

ಮಗಳು ಕೆಂಪು ಗೆರೆ ನೋಡಿದಳು. ಎದ್ದಳು. ಬಾಲ್ಕನಿಯ ಗಾಜಿನ ಬಾಗಿಲು ತಳ್ಳಿ ಹೊರಗೆ ನಿಂತಳು. ಹಾಸಿಗೆ ಒದರುವುದಕ್ಕೂ ಹೊತ್ತು ಗೊತ್ತು ನೋಡುವ ಕಟ್ಟಡ ಅದು. ಮಕ್ಕಳು ಜೋರಾಗಿ ನಕ್ಕರೆ ಲಿಫ್ಟಿನ ಪಕ್ಕ ನೋಟಿಸು ಅಂಟುತ್ತದೆ.

“ನಾನೊಬ್ಬ ಪಾದ್ರಿ!” ಎಂದು ಕೂಗಿದಳು. “ಜರ್ಮನಿಯಿಂದ ಬಂದೆ! ನನಗೆ ಕನ್ನಡ ಬರ್ತಿರಲಿಲ್ಲ! ತಪ್ಪು ಮಾತಾಡಿದೆ, ಜನ ನಕ್ಕರು! ಆದರೂ ಕೇಳಿದೆ! ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ!”

ಗಂಡ ಬಾಗಿಲು ಎಳೆಯಲು ಎದ್ದರು. ನಾನು ಅವರ ತೋಳು ಹಿಡಿದು ಕೂರಿಸಿದೆ. ಎದುರು ಬ್ಲಾಕಿನ ಬಾಲ್ಕನಿಗಳಲ್ಲಿ ಒಬ್ಬೊಬ್ಬರೇ ಕಾಣಿಸಿಕೊಂಡರು: ಮಾಸ್ಕ್ ಹಾಕಿದ ಜಪಾನೀ ಅಜ್ಜಿ, ಸೀರೆಯುಟ್ಟ ಮೂರನೆಯ ರಾಣಿಯ ತಾಯಿ, ಕೊನೆಗೆ ಇಯರ್‌ಫೋನ್ ಕೊರಳಿಗೆ ಜೋತುಬಿದ್ದ ಕಾರ್ಯದರ್ಶಿಗಳು.

“ಪುಟ್ಟಿ, ಒಳಗೆ ಹೋಗಮ್ಮ!” ಎಂದು ಅವರು ಕೈ ಆಡಿಸಿದರು. “ಎಲ್ರೂ ನೋಡ್ತಿದಾರೆ!”

“ಮ್ಯೂಟ್ ತೆಗೀರಿ ಅಂಕಲ್, ಹೋಗ್ತೀನಿ!”

ಅವರು ಅವಳನ್ನು ನೋಡಿದರು, ಆಮೇಲೆ ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ನಾನು ಕಣ್ಣು ಕೆಳಗೆ ಹಾಕಲಿಲ್ಲ. ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನಮ್ಮ ಪರದೆಯ ಮೂಲೆಯ ಕೆಂಪು ಗೆರೆ ಹೋಯಿತು. ಮಗಳು ಬಂದು ಗಡ್ಡ ಸರಿಮಾಡಿಕೊಂಡು ನಿಂತಳು. ಎಲ್ಲಿ ನಿಂತಿತ್ತೋ ಅಲ್ಲಿಂದ ಹೇಳು ಎಂದು ಪಿಸುಗುಟ್ಟಿದೆ. ಅವಳು ಇಲ್ಲವೆಂದು ತಲೆಯಾಡಿಸಿ ಮೊದಲಿನಿಂದಲೇ ಶುರು ಮಾಡಿದಳು.

“ಎಲ್ಲರಿಗೂ ನಮಸ್ಕಾರ. ನಾನೊಬ್ಬ ಪಾದ್ರಿ.”