ಹಳ್ಳದ ನೀಲಿ ಗೆರೆ

ಕಳೆದ ವಾರ ಹೊಲದ ದಾಖಲೆ ಕೇಳಲು ತಾಲ್ಲೂಕು ಕಚೇರಿಗೆ ಹೋಗಿದ್ದೆ. ಗುಮಾಸ್ತರು ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಬಿಚ್ಚಿದರು. ಗಂಜಿ, ಧೂಳು, ನುಸಿಗುಳಿಗೆ ಬೆರೆತ ಆ ವಾಸನೆ... ಗೌರಿಬಿದನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆಯ ಸೀರೆಗೂ ಅದೇ ವಾಸನೆಯಿತ್ತು.

ಅತ್ತೆ ಸಂಬಂಧಿಕರಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಹಳೆಯ ನಕ್ಷೆಗಳ ನಕಲು ತೆಗೆಯುವುದು ಸರ್ವೆ ಕಚೇರಿಯಲ್ಲಿ ಅವರ ಕೆಲಸ. ಗಂಡನ ಊರು ಪಿನಾಕಿನಿಯ ದಡದಲ್ಲಿತ್ತು. ಗಂಡ ತೀರಿಕೊಂಡ ತಿಂಗಳಿಗೇ ಅವನ ಅಣ್ಣ, ಅತ್ತೆಯ ಭಾವ, ಅವರ ಪೆಟ್ಟಿಗೆಯನ್ನು ಬೀದಿಗೆ ಹಾಕಿಸಿದ. "ಗೆರೆ ಎಳೆಯೋಳಿಗೆ ಹೊಲ ಯಾಕೆ?" ಎಂದಿದ್ದನಂತೆ.

ಗಂಡನ ಪಾಲಿನ ಆ ಹೊಲದಲ್ಲೇ ಭಾವ ಮಹಡಿ ಮನೆಗೆ ಪಾಯ ತೆಗೆಸಿದ. ಅದೇ ದಿನಗಳಲ್ಲಿ ಅತ್ತೆಯ ಕೈಗೆ ಆ ನದಿ ಕಣಿವೆಯ ಹಳೆಯ ನಕ್ಷೆ ಬಂತು. ಗುಡ್ಡದಿಂದಿಳಿದು ನದಿ ಸೇರುವ ಹಳ್ಳವೊಂದು ನೀಲಿ ಗೆರೆಯಾಗಿ ಸರಿಯಾಗಿ ಆ ಪಾಯದ ಮೇಲೇ ಹಾದುಹೋಗಿತ್ತು. ಭಾವನ ಅಪ್ಪನ ಕಾಲದಲ್ಲೇ ಮಟ್ಟ ಮಾಡಿ ಹೊಲಕ್ಕೆ ಸೇರಿಸಿಕೊಂಡಿದ್ದ ಸರ್ಕಾರಿ ಹಳ್ಳ, ಊರೇ ಮರೆತಿತ್ತು.

ಅತ್ತೆ ಯಾರಿಗೂ ಹೇಳಲಿಲ್ಲ. ಭಾನುವಾರಗಳಂದು, ಆಗಿನ್ನೂ ಶಾಲೆಯಲ್ಲಿದ್ದ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋಗಿ, ಎದುರಿನ ಹೊಂಗೆ ಮರದ ಕೆಳಗೆ ನಿಂತು ನೋಡುತ್ತಿದ್ದರು. ಗೋಡೆಗಳು ಎದ್ದವು. ತಾರಸಿ ಹಾಕಿದರು. ತೇಗದ ಬಾಗಿಲು ಕೂರಿಸಿದರು. ಗೃಹಪ್ರವೇಶ ಮುಗಿದ ಮರುವಾರ ಅತ್ತೆ ಹಳ್ಳ ಒತ್ತುವರಿಯಾಗಿದೆ ಎಂದು ತಹಶೀಲ್ದಾರರಿಗೆ ಅರ್ಜಿಯ ಜೊತೆ ನಕ್ಷೆಯ ನಕಲು ಕೊಟ್ಟರು.

ಅಳತೆಯಾಯಿತು, ನೋಟಿಸು ಬಂತು. ಭಾವ ಅವರಿವರನ್ನು ಹಿಡಿದು ಎರಡು ವರ್ಷ ತಳ್ಳಿದ. ಕೊನೆಗೆ ಜೆಸಿಬಿ ಬಂತು. ಅವತ್ತೂ ನಾವು ಮರದ ಕೆಳಗಿದ್ದೆವು. ಅವನ ಮುದಿ ತಾಯಿಯನ್ನು ಕುರ್ಚಿ ಸಮೇತ ಎತ್ತಿ ತಂದು ಬೀದಿಯಲ್ಲಿ ಕೂರಿಸಿದರು. ಆ ಅಜ್ಜಿ ಅತ್ತೆಯನ್ನೇ ನೋಡಿದರು. ಅತ್ತೆ ಕಣ್ಣು ತಪ್ಪಿಸಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಮೊದಲೇ ಯಾಕೆ ಹೇಳಲಿಲ್ಲವೆಂದು.

"ಆಗ್ಲೇ ಹೇಳಿದ್ರೆ ಪಾಯ ಮಾತ್ರ ಹೋಗ್ತಿತ್ತು ಕಣಮ್ಮ."

ಅಜ್ಜಿಯ ತಪ್ಪೇನಿತ್ತು ಎಂದೆ.

"ನನ್ನ ಪೆಟ್ಟಿಗೆ ಬೀದಿಗೆ ಬಿದ್ದಾಗ ಹೊಸ್ತಿಲಲ್ಲೇ ನಿಂತಿದ್ರು. ಒಂದು ಮಾತು ಆಡ್ಲಿಲ್ಲ."

ಹೊಲ ಅವರಿಗೆ ಮರಳಲಿಲ್ಲ. ಅವರು ಕೇಳಲೂ ಇಲ್ಲ. ನಮ್ಮ ಬೀದಿಯವರು ಅವರನ್ನು ಕಂಡರೆ ಮಾತು ಮೊಟಕುಗೊಳಿಸುತ್ತಿದ್ದರು. ಅಜ್ಜಿಯನ್ನು ಬೀದಿಗೆ ತಂದವಳು ಎಂದೇ ಹೆಸರಾಯಿತು. ಹೋದ ವರ್ಷ ಅತ್ತೆ ತೀರಿಕೊಂಡಾಗ ಬಂದವರು ನಾಲ್ಕೇ ಜನ...

ಗುಮಾಸ್ತರು ನಕ್ಷೆ ಸುತ್ತಿಟ್ಟರು. ನಾನು ಬಂದ ಕೆಲಸ ಮರೆತು ನಿಂತಿದ್ದೆ. ಆ ಗೋಡೆ ಉರುಳುವಾಗ ನನಗೂ ಸಂತೋಷವಾಗಿತ್ತು. ಕೆಟ್ಟವಳೆನಿಸಿಕೊಂಡೇನೆಂದು ಬಾಯಿ ಬಿಡಲಿಲ್ಲ. ಅಷ್ಟು ವರ್ಷ ಅತ್ತೆ ಒಬ್ಬರೇ ಕೆಟ್ಟವರಾಗಿದ್ದರು. ನಾನೂ ನಿಮ್ಮ ಜೊತೆಗಿದ್ದೆ ಎಂದು ಹೇಳಲು ಈಗ ಅವರಿಲ್ಲ.